ಕೆಲಸ ಎಲ್ಲಿಂದ ಶುರು?

ಮರ್ಫಿ ಟೌನಿನ ಮಕ್ಕಳಿಗೆ ಇಎಸ್‌ಐ ಎಂದರೆ ಇಂದಿರಾನಗರದ ದೊಡ್ಡಾಸ್ಪತ್ರೆ. ಅಲ್ಲಿ ಔಷಧಿ ಪುಕ್ಕಟೆಯಂತೆ, ಹೌದಾ ತಾತಾ ಎಂದಳು ಮೊಮ್ಮಗಳು. ಪುಕ್ಕಟೆಯಲ್ಲ ಪುಟ್ಟಿ, ಮೊದಲೇ ಕಟ್ಟಿರುತ್ತಾರೆ ಎಂದೆ. 2025ರವರೆಗೆ ಅದಕ್ಕೆ ಆಧಾರವಾಗಿದ್ದದ್ದು 1948ರ ಕೇಂದ್ರ ಕಾಯಿದೆ. 2019ರಿಂದ ನೂರು ರೂಪಾಯಿ ಸಂಬಳಕ್ಕೆ ಕೆಲಸಗಾರನದು 75 ಪೈಸೆ, ಮಾಲೀಕರದು 3 ರೂಪಾಯಿ 25 ಪೈಸೆ. (ಬ್ಯಾಂಕಿನ ಲೆಡ್ಜರ್ ಬರೆದ ಕೈ, ಪೈಸೆ ಬಿಡಲಾರದು.) ಕೆಲಸದಲ್ಲಿ ಪೆಟ್ಟುಬಿದ್ದು ಮನೆಯಲ್ಲಿ ಕೂತರೆ ಸಂಬಳದ ಸುಮಾರು ನೂರಕ್ಕೆ ತೊಂಬತ್ತು ಪಾಲು ಬರುತ್ತದೆ.

ತಕರಾರು ಹುಟ್ಟುವುದು ಈ ‘ಕೆಲಸದಲ್ಲಿ’ ಎಂಬ ಮಾತಿನಿಂದ. ಅದನ್ನು ತೀರ್ಮಾನಿಸಲು ಪ್ರತ್ಯೇಕ ವಿಮಾ ನ್ಯಾಯಾಲಯವೇ ಇದೆ. ಅಲ್ಲಿ ವಕೀಲರೇ ಬೇಕೆಂದಿಲ್ಲ, ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೂ ಕೆಲಸಗಾರನ ಪರ ನಿಲ್ಲಬಹುದು.

1971ರ ಜೂನ್ 26. ಕೇರಳದ ಕೊರಟ್ಟಿಯಲ್ಲಿ ಒಬ್ಬ ಕಾರ್ಮಿಕ ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೊರಟಿದ್ದ. ಪಾಳಿ ನಾಲ್ಕೂವರೆಗೆ. ಅದಕ್ಕೆ ಕಾಲುಗಂಟೆ ಮುಂಚೆ, ಇನ್ನೊಂದು ಕಿಲೋಮೀಟರ್ ಇದೆ ಎನ್ನುವಾಗ ಲಾರಿ ಬಡಿದು ಕಾಲರ್ ಬೋನ್ ಮುರಿಯಿತು. ಲಾರಿಯೂ ಅವನ ಮಾಲೀಕರದೇ! ವಿಮಾ ನ್ಯಾಯಾಲಯ ಪರಿಹಾರ ಕೊಡಿ ಎಂದಿತು, ಕೇರಳ ಹೈಕೋರ್ಟೂ ಹೌದೆಂದಿತು. 1996ರಲ್ಲಿ ಸುಪ್ರೀಂ ಕೋರ್ಟು ಇಲ್ಲವೆಂದಿತು. ಸಾರ್ವಜನಿಕ ರಸ್ತೆಯಲ್ಲಿದ್ದವನ ಕೆಲಸ ಇನ್ನೂ ಶುರುವಾಗಿರಲಿಲ್ಲವಂತೆ. ಕಾಯಿದೆಯ ಅಕ್ಷರ ಹಿಡಿದರೆ ಅದು ಸರಿಯಿರಬಹುದು. ನನಗೆ ಮಾತ್ರ ಒಪ್ಪಿಗೆಯಿಲ್ಲ. ಆ ಹೊತ್ತಿನಲ್ಲಿ ಆತ ಆ ರಸ್ತೆಗೆ ಬಂದದ್ದೇ ಪಾಳಿಗಾಗಿ ತಾನೆ?

ಕೊನೆಗೆ 2010ರಲ್ಲಿ ಸಂಸತ್ತು ಕಾಯಿದೆಗೆ 51-ಇ ಎಂಬ ಕಲಮು ಸೇರಿಸಿತು. ಮನೆಯಿಂದ ಕೆಲಸಕ್ಕೆ ಹೋಗುವ, ಕೆಲಸ ಮುಗಿಸಿ ಮನೆಗೆ ಬರುವ ದಾರಿಯ ಅಪಘಾತವೂ ಕೆಲಸದ್ದೇ. ಆದರೆ ಹೊತ್ತು, ಜಾಗ, ಸಂದರ್ಭ ಮೂರೂ ಕೆಲಸಕ್ಕೆ ತಾಳೆಯಾಗಬೇಕು. “ದಾರೀಲಿ ಇಡ್ಲಿ ತಿನ್ನೋಕೆ ನಿಂತರೆ?” ಎಂದಳು ಮೊಮ್ಮಗಳು. ವಕೀಲರ ಮನೆಯಲ್ಲಿ ಹುಟ್ಟಬೇಕಾದ ಕೂಸು! ಅಂಥದ್ದನ್ನು ಆಯಾ ಸಂದರ್ಭ ನೋಡಿಯೇ ಹೇಳಬೇಕು.

2010ಕ್ಕೆ ಮುಂಚೆ ಬಿದ್ದವರ ಗತಿ? ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ಪಾಳಿಗೆ ಬರುತ್ತ, ಕಾರ್ಖಾನೆಗೆ ಐದು ಕಿಲೋಮೀಟರ್ ದೂರದಲ್ಲಿ ತೀರಿಕೊಂಡ. ಅವನ ಮನೆಯವರು ಹೋದದ್ದು 1923ರ ಇನ್ನೊಂದು ಪರಿಹಾರ ಕಾಯಿದೆಯಡಿ, ಬಾಂಬೆ ಹೈಕೋರ್ಟಿನಲ್ಲಿ ಸೋತರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು 51-ಇ ಕಲಮು ಹಿಂದಿನ ಅಪಘಾತಗಳಿಗೂ ಸಲ್ಲುತ್ತದೆ, 1923ರ ಕಾಯಿದೆಯಲ್ಲೂ ‘ಕೆಲಸದಲ್ಲಿ’ ಎಂಬುದಕ್ಕೆ ಅದೇ ಅರ್ಥ ಎಂದು ಹೇಳಿತು. ಇಪ್ಪತ್ತೆರಡು ವರ್ಷದ ಮೇಲೆ, ಆ ಮನೆಯವರಿಗೆ ಬಡ್ಡಿ ಸಮೇತ ಪರಿಹಾರ ಕೊಡಬೇಕೆಂದು ತೀರ್ಪಾಯಿತು.