ಹಲ್ಲಿನ ತಂತಿಗೆ ವಯಸ್ಸಿನ ಹಂಗಿಲ್ಲ

ಹಲ್ಲಿಗೆ ಕ್ಲಿಪ್ ಹಾಕಿಸುವುದು ಮಕ್ಕಳಿಗೆ ಮಾತ್ರ ಸಲ್ಲುವುದೆಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ನಮ್ಮ ಪರಿಚಯದ ತಾಯಿಯೊಬ್ಬರು ಹನ್ನೆರಡು ವರ್ಷದ ಮಗಳಿಗೆ ಕ್ಲಿಪ್ ಹಾಕಿಸಿದ್ದರು. ತಾವು ಮಾತ್ರ ನಗು ಬಂದಾಗಲೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. “ನೀನೂ ಏಕೆ ಹಾಕಿಸಿಕೊಳ್ಳಬಾರದು, ತಾಯಿ?” ಎಂದು ನಾವು ಕೇಳಿದೆವು. “ನಲವತ್ತು ದಾಟಿದವಳಿಗೆ ಇದೇನು ಶೃಂಗಾರ, ಗುರುಗಳೇ! ಮನೆಯವರು ನಕ್ಕಾರು” ಎಂದರು. ಮಗಳ ವೈದ್ಯರನ್ನೇ ಕೇಳಿ ನೋಡಲು ನಾವು ಹೇಳಿದೆವು.

ವೈದ್ಯರು ತಿಳಿಸಿದ್ದು ಮನನೀಯವಾಗಿದೆ. ತಂತಿಯ ಮೃದುವಾದ ಒತ್ತಡದಿಂದ ಹಲ್ಲು ಸರಿಯುವ ಕಡೆಯ ಎಲುಬು ಕರಗುತ್ತದೆ. ಹಿಂದೆ ತೆರವಾದೆಡೆ ಹೊಸ ಎಲುಬು ಕೂಡಿಕೊಳ್ಳುತ್ತದೆ. ಈ ಚಲನೆ ತಿಂಗಳಿಗೆ ಸುಮಾರು 1 ಮಿಲಿಮೀಟರ್ ಮಾತ್ರ. ಆದುದರಿಂದ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಬೆಳೆಯುವ ಮಕ್ಕಳಲ್ಲಿ ದವಡೆಯ ಬೆಳವಣಿಗೆಯನ್ನೂ ತಿದ್ದಬಹುದು. ಹಿರಿಯರಲ್ಲಿ ಆ ಅವಕಾಶವಿಲ್ಲ. ಆದರೆ ವಸಡು, ಎಲುಬು ಆರೋಗ್ಯವಾಗಿದ್ದರೆ ಹಲ್ಲುಗಳನ್ನು ಯಾವ ವಯಸ್ಸಿನಲ್ಲಿಯೂ ಸರಿಸಬಹುದು.

ಇದು ಬರಿಯ ಅಲಂಕಾರವಲ್ಲ. ಒತ್ತೊತ್ತಾದ ಹಲ್ಲುಗಳ ಸಂದಿಗೆ ಬ್ರಷ್ ಸರಿಯಾಗಿ ತಲುಪದು. ಮುಂದೆ ಉಬ್ಬಿದ ಹಲ್ಲಿಗೆ ಬಿದ್ದಾಗ ಪೆಟ್ಟಿನ ಭಯ ಹೆಚ್ಚು.

ಕನ್ಯೆಗೆ ವರ ಗೊತ್ತಾಯಿತೆಂದು ನಡುವೆಯೇ ತಂತಿ ಬಿಚ್ಚಿಸುವ ಹಿರಿಯರಿಗೂ ಒಂದು ಮಾತು: ಅರ್ಧಕ್ಕೆ ಬಿಟ್ಟರೆ, ಮುಗಿದ ಮೇಲೆ ರಿಟೇನರ್ ಧರಿಸದಿದ್ದರೆ, ಹಲ್ಲು ಹಳೆಯ ಸ್ಥಾನದತ್ತ ಮರಳುತ್ತದೆ. ತಾಳಿದವರಿಗೇ ಫಲ. ಮಕ್ಕಳಿಗಾಗಿ ಸಂತೋಷದಿಂದ ವೆಚ್ಚ ಮಾಡುವ ಗೃಹಸ್ಥರು, ಮನೆಯಾಕೆ ಕೇಳಿದಾಗ ನಗದಿರಲಿ.