ತಲಪರಿಗೆ

ಹಳಗನ್ನಡದಲ್ಲಿ ‘ಪರಿ’ ಎಂಬುದೊಂದು ಕ್ರಿಯಾಪದ. ಓಡು, ಪ್ರವಹಿಸು ಎಂಬುದು ಅದರ ಅರ್ಥ. ಸುಮಾರು 10ನೆಯ ಶತಮಾನದಿಂದೀಚೆಗೆ ಕನ್ನಡದ ಪಕಾರವು ಹಕಾರವಾಗುತ್ತ ಬಂದಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಅಂತೆಯೇ ‘ಪರಿ’ಯು ‘ಹರಿ’ಯಾಯಿತು. ನೀರು ಹರಿಯುತ್ತದೆ ಎನ್ನುವರೇ ಹೊರತು ಪರಿಯುತ್ತದೆ ಎಂದು ಈಗ ಯಾರೂ ಆಡುವುದಿಲ್ಲ. ಆ ರೂಪವನ್ನು ಕಾಣಬೇಕಾದರೆ ಹಳೆಯ ಕಾವ್ಯಗಳನ್ನೋ 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟನ್ನೋ ತೆರೆಯಬೇಕು.

ಆದರೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ರೈತರ ನಾಲಗೆಯ ಮೇಲೆ ಈ ಹಳೆಯ ಧಾತು ಇನ್ನೂ ಮಿಡಿಯುತ್ತಿದೆ. ಅಲ್ಲಿ ಒಂದು ಬಗೆಯ ನೀರಿನ ಊಟೆಗೆ ‘ತಲಪರಿಗೆ’ ಎಂದು ಹೆಸರು. ತಲವೆಂದರೆ ನೆಲ. ಅಡು ಎಂಬುದರಿಂದ ಅಡುಗೆ, ತೊಡು ಎಂಬುದರಿಂದ ತೊಡುಗೆ ಆಗುವಂತೆ ಪರಿ ಎಂಬುದರಿಂದ ಪರಿಗೆ. ನೆಲದಿಂದ ಹರಿದು ಬರುವುದು ಎಂಬ ಭಾವ ಆ ಪದದಲ್ಲಿ ಸಹಜವಾಗಿ ಕೇಳಿಬರುತ್ತದೆ.

ಬೆಟ್ಟದ ಇಳಿಜಾರಿನಲ್ಲಿ ಬಿದ್ದ ಮಳೆ ಮರಳುನೆಲದಲ್ಲಿ ಇಂಗಿ, ತಗ್ಗಿನಲ್ಲಿ ಮತ್ತೆ ತಲೆಯೆತ್ತುತ್ತದೆ. ಹಳ್ಳಗಳ ಬದಿಯಲ್ಲಿ, ಕೆರೆಗಳ ಆಸುಪಾಸಿನಲ್ಲಿ ಅಂತಹ ತಾಣವನ್ನು ಗುರುತಿಸಿ, ಕೊಂಚವೇ ಅಗೆದು, ಕಾಲುವೆ ತೋಡಿದರೆ ನೀರು ತಾನಾಗಿ ಗದ್ದೆಗೆ ಹರಿಯುವುದು. ಕಪಿಲೆಯೂ ಬೇಡ, ಯಂತ್ರವೂ ಬೇಡ. ಬೇಕಾದುದು ಒಂದೇ, ಊರಿನ ಒಗ್ಗಟ್ಟು. ಕಾಲುವೆಯಲ್ಲಿ ಹೂಳು ತುಂಬಿದಾಗ ಅಚ್ಚುಕಟ್ಟಿನ ರೈತರೆಲ್ಲರೂ ಗುದ್ದಲಿ ಹಿಡಿದು ಬರುತ್ತಿದ್ದರು. ನೀರನ್ನು ಸರದಿಯಂತೆ ಹಂಚಿಕೊಳ್ಳುತ್ತಿದ್ದರು. ದನಕರುಗಳಿಗೂ ಅದೇ ಆಸರೆ.

ಕಾಲ ಬದಲಾಯಿತು. ಕೊಳವೆಬಾವಿಗಳು ನೆಲದಾಳದ ನೀರನ್ನು ಹೀರಿದುವು. ಮರಳನ್ನು ಹೊತ್ತೊಯ್ದುದರಿಂದ ಹಳ್ಳಗಳು ಬರಿದಾದುವು. ಅಂತರ್ಜಲ ಕುಸಿದಂತೆ ಹಲವು ತಲಪರಿಗೆಗಳು ಬತ್ತಿದುವು. ಮನೆಮನೆಗೂ ಸ್ವಂತ ಕೊಳವೆಬಾವಿ ಬಂದ ಮೇಲೆ ಸರದಿಯ ಮಾತೂ ಕ್ಷೀಣಿಸಿತು.

‘ಪರಿ’ಯು ‘ಹರಿ’ಯಾದಾಗ ಕನ್ನಡಕ್ಕೆ ನಷ್ಟವೇನೂ ಆಗಲಿಲ್ಲ, ಹೆಸರು ಮಾರ್ಪಟ್ಟರೂ ನೀರು ಹರಿಯುತ್ತಲೇ ಇತ್ತು. ಈಗಿನ ಅಪಾಯ ಬೇರೆ ಬಗೆಯದು. ಊಟೆ ಬತ್ತಿದರೆ ‘ತಲಪರಿಗೆ’ ಎಂಬ ಪದವು ನಿಘಂಟಿನಲ್ಲಿ ಉಳಿದೀತು, ಆದರೆ ಅದರ ಅರ್ಥವನ್ನು ಬೆರಳಿಟ್ಟು ತೋರಿಸಲು ನೆಲದ ಮೇಲೆ ಏನೂ ಇರದು. ಬಿದ್ದ ಮಳೆಯನ್ನು ಇಂಗಿಸಿ, ಹಳ್ಳದ ಮರಳನ್ನು ಕಾಪಾಡಿ, ಕಾಲುವೆಯ ಹೂಳೆತ್ತುವ ಊರಿನಲ್ಲಿ ನೀರಿನೊಡನೆ ನುಡಿಯೂ ಬಾಳುತ್ತದೆ.