ಜಾರು ಹಿಡಿದ ಅಲೆಗಳು

ಎಣಿಕೆ ಸೊನ್ನೆ ಮುಟ್ಟುತ್ತದೆ. ನೀವು ಕೂತಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ, ಪರಮಾಣು ಬೆಸುಗೆಯ ಯಂತ್ರವಾದ ಡಿ3-ಡಿ ಟೋಕಮ್ಯಾಕ್‌ನ ಕಂಟ್ರೋಲ್ ರೂಮಿನಲ್ಲಿ. ದಪ್ಪ ಗೋಡೆಯಾಚೆ, ಉದ್ದಿನವಡೆಯ ಆಕಾರದ ಲೋಹದ ಕೋಣೆಯೊಳಗೆ ಪ್ಲಾಸ್ಮಾ ಹೊತ್ತಿಕೊಂಡಿದೆ. ಪರದೆಯಲ್ಲಿ ಅಂಚು ಮಾತ್ರ ನಸುಗೆಂಪು. ನಡುವೆ ಏನೂ ಇಲ್ಲದಂತಿದೆ. ಇದೆ. ಅಲ್ಲಿ ಬಿಸಿ ಕೋಟಿ ಡಿಗ್ರಿ ದಾಟಿದೆ, ನಮ್ಮ ಕಣ್ಣಿಗೆ ದಕ್ಕುವ ಬೆಳಕಿನ ಎಲ್ಲೆ ಮೀರಿದೆ.

ಈಗ ನ್ಯೂಟ್ರಲ್ ಬೀಮ್ ನುಗ್ಗುತ್ತದೆ: ಸೆಕೆಂಡಿಗೆ ಸುಮಾರು 2,700 ಕಿಲೋಮೀಟರ್ ಓಡುವ ಡ್ಯುಟೇರಿಯಂ ಪರಮಾಣುಗಳು. ಒಳಹೊಕ್ಕೊಡನೆ ಎಲೆಕ್ಟ್ರಾನ್ ಕಳಚಿ ಅಯಾನುಗಳಾಗಿ, ಕಾಂತಕ್ಷೇತ್ರಕ್ಕೆ ಸಿಕ್ಕಿ ಸುತ್ತತೊಡಗುತ್ತವೆ. ಸುತ್ತುತ್ತ ತಮ್ಮ ಬಿಸಿಯನ್ನು ಹಂಚಬೇಕು.

ಆದರೆ ಕಾಂತರೇಖೆಗಳು ಬಿಗಿದ ತಂತಿಗಳ ಹಾಗೆ, ಮೀಟಿದರೆ ಮಿಡಿಯುತ್ತವೆ. 1942ರಲ್ಲಿ ಸ್ವೀಡನ್ನಿನ ಹಾನೆಸ್ ಆಲ್ಫ್‌ವೆನ್ ಕಾಗದದ ಮೇಲೆ ಕಂಡ ಅಲೆ ಇದು. ಅಯಾನುಗಳ ಸುತ್ತು ಈ ಮಿಡಿತದ ಲಯಕ್ಕೆ ಕೂಡಿಬಂದರೆ ಪ್ರತಿ ಸುತ್ತಿಗೂ ಅಲೆಗೆ ಒಂದಿಷ್ಟು ಶಕ್ತಿ ಸೇರುತ್ತದೆ. ಬಲಿತ ಅಲೆ ತನ್ನನ್ನು ಸಾಕಿದ ಅಯಾನುಗಳನ್ನೇ ಹೊರಕ್ಕೆ ದಬ್ಬುತ್ತದೆ.

ಅಗೋ, ಕಂಪನಾಂಕದ ಪರದೆ ನೋಡಿ. ಕೆಳಗಿನಿಂದ ಓರೆಯಾಗಿ ಏರುವ ಗೆರೆಗಳು, ಒಂದರ ಬೆನ್ನಿಗೊಂದು, ವೀಣೆಯ ತಂತಿಯ ಮೇಲೆ ಬೆರಳೆಳೆದು ಜಾರು ಹಿಡಿದಂತೆ. ಕಾಂತರೇಖೆಗಳ ಹುರಿ ಬಿಗಿಯಾಗುತ್ತ ಹೋದಂತೆ ಸ್ವರವೂ ಏರುತ್ತದೆ. ಚಂದವೇ. ಪಕ್ಕದಲ್ಲಿ, ಅಯಾನುಗಳು ಡಿಕ್ಕಿ ಹೊಡೆದು ಬೆಸೆದಾಗ ಹೊಮ್ಮುವ ನ್ಯೂಟ್ರಾನ್‌ಗಳ ಎಣಿಕೆ ಮಾತ್ರ ಇರಬೇಕಾದುದಕ್ಕಿಂತ ಎಷ್ಟೋ ಕೆಳಗಿದೆ. ಡಿಕ್ಕಿ ಹೊಡೆಯಬೇಕಾದ ಅಯಾನುಗಳು ಆ ಜಾಗದಲ್ಲೇ ಇಲ್ಲ. ನಾಳೆ ಫ್ರಾನ್ಸಿನ ಟೋಕಮ್ಯಾಕ್ ಐಟರ್‌ನಲ್ಲಿ, ಬೆಸುಗೆಯಿಂದಲೇ ಹುಟ್ಟಿ 35 ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಹೊತ್ತು ಬರುವ ಆಲ್ಫಾ ಕಣಗಳು ಹೀಗೆ ಜಾಗ ಬಿಟ್ಟರೆ ಒಲೆ ತನ್ನ ಬಿಸಿಯಲ್ಲಿ ತಾನು ಉರಿಯಲಾರದು. ಈ ಗೆರೆಗಳು ನನ್ನ ನಿದ್ದೆ ಕೆಡಿಸುವುದು ಅದಕ್ಕೇ.

ಪ್ಲಾಸ್ಮಾ ಆರಿತು. ಮುಂದಿನದಕ್ಕೆ ಹತ್ತು-ಹದಿನೈದು ನಿಮಿಷ. ಈ ಸಲ ಜೈರೋಟ್ರಾನ್‌ಗಳ ಮೈಕ್ರೋವೇವ್ ಕೂಡ ಇದೆ, ಎಲೆಕ್ಟ್ರಾನ್‌ಗಳನ್ನು ಕಾಯಿಸಲು. ಮೊದಲು ಗುರಿ ನಟ್ಟನಡುವೆ. ಓರೆಗೆರೆಗಳು ಜಗ್ಗುವುದಿಲ್ಲ.

ಮೈಕ್ರೋವೇವ್‌ಗೆ ದಿಕ್ಕು ತೋರುವ ಕನ್ನಡಿಯನ್ನು ತುಸು ಹೊರಳಿಸುತ್ತಾರೆ. ಗುರಿ ಈಗ ನಡುವಿನಿಂದ ಆಚೆ, ಹುರಿ ಎಲ್ಲಕ್ಕಿಂತ ಬಿಗಿಯಾಗಿರುವ ಪದರ. ಮತ್ತೆ ಎಣಿಕೆ, ಮತ್ತೆ ಬೀಮ್. ನೀವು ಪರದೆಯತ್ತ ಬಗ್ಗುತ್ತೀರಿ. ಗೆರೆಗಳಿಲ್ಲ!

ಅಷ್ಟೇ ಬೀಮ್, ಅಷ್ಟೇ ಮೈಕ್ರೋವೇವ್. ಬದಲಾದದ್ದು ಬಿಸಿ ಬಿದ್ದ ಜಾಗ. ಆ ಪದರದಲ್ಲಿ ಎಲೆಕ್ಟ್ರಾನ್‌ಗಳು ಕಾದಾಗ ಜಾರು ಹೊರಡುವ ಕೆಳಸ್ವರ ಮೇಲೇರಿ, ಮುಟ್ಟಬೇಕಾದ ಮೇಲುಸ್ವರದ ಹತ್ತಿರಕ್ಕೇ ಬಂದುಬಿಟ್ಟಿದೆ. ನಡುವೆ ಜಾರಲು ತಾವೇ ಉಳಿದಿಲ್ಲ. 2008ರಲ್ಲಿ ಈ ಯಂತ್ರದ ಪ್ರಯೋಗಗಳು ವರದಿಯಾದಾಗ ಪರಿಣಾಮ ಕಣ್ಣೆದುರಿತ್ತು. ಈ ಕಾರಣ ಬಿಡಿಸಿಕೊಂಡದ್ದು ಆಮೇಲೆ.

ನ್ಯೂಟ್ರಾನ್ ಎಣಿಕೆ ಏರಿದೆ. ಆದರೂ ನಿಮ್ಮ ಬೆರಳು ಪರದೆಯ ಮೇಲ್ಭಾಗಕ್ಕೆ ಹೋಗುತ್ತದೆ. ಅಲ್ಲಿ, ಏರದೆ ಇಳಿಯದೆ, ಮಸುಕಾದ ಒಂದೆರಡು ಅಡ್ಡಗೆರೆ. ಅವು ಇನ್ನೊಂದು ಜಾತಿಯ ಅಲೆಗಳು.

ಮುಂದಿನ ಎಣಿಕೆ ಶುರುವಾಗುತ್ತದೆ.